ಮಂಕು ಬಲ್ಬಿನ ಅಡುಗೆ

ಕಸ್ತೂರಮ್ಮನಿಗೆ ಆ ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ, ಒಲೆಯೊಂದನ್ನು ಬಿಟ್ಟರೆ. ಉಡಲು ಸೀರೆ ಇತ್ತು, ಕರೆಯಲು ಎಮ್ಮೆ ಇತ್ತು, ಗೊಣಗಲು ಗಂಡನಿದ್ದ. ಆದರೆ ಒಲೆಯ ಮುಂದಿನ ಮಣೆ ಮಾತ್ರ ಅತ್ತೆ ಸಿದ್ದಲಿಂಗಮ್ಮನದು. ಸೊಸೆ ನೀರು ತರಬಹುದು, ಸೌದೆ ತಂದು ಒಟ್ಟಬಹುದು, ಬದನೆಕಾಯಿ ಹೆಚ್ಚಬಹುದು, ಕಾರ ಅರೆಯಬಹುದು, ಎಲ್ಲರೂ ಉಂಡೆದ್ದ ಮೇಲೆ ಪಾತ್ರೆ ತಿಕ್ಕಬಹುದು. ಇವುಗಳ ನಡುವೆ ಅಡುಗೆ ಎಂದು ಕರೆಸಿಕೊಳ್ಳುವ ಕೆಲಸವೊಂದು ಇದೆಯಲ್ಲ, ಅದು ಅತ್ತೆಯ ಕೈಯಿಂದಲೇ ಆಗಬೇಕು. ಮದುವೆಯಾಗಿ ಬಂದು, ಹುಟ್ಟಿದ ಮಗಳು ಬಾಲವಾಡಿಗೆ ಹೋಗುವಷ್ಟು ದೊಡ್ಡವಳಾಗಿದ್ದರೂ, 'ಇದು ಕಸ್ತೂರಿ ಮಾಡಿದ್ದು' ಎಂದು ಯಾರೂ ಯಾವ ತಟ್ಟೆಯನ್ನೂ ತೋರಿಸಿ ಹೇಳಿರಲಿಲ್ಲ.

ಇದರಲ್ಲಿ ಅವಳ ಕೈಯ ತಪ್ಪೇನೂ ಇಲ್ಲ. ತಪ್ಪೆಲ್ಲ ತವರಿನದು. ಅವಳು ಜಗಳೂರು ಸೀಮೆಯವಳು. ಗಂಡನ ಊರು ಹೊಸಗಟ್ಟೆ ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಕಾಲುವೆ ಸುಸ್ತಾಗಿ ಕೂತುಬಿಡುವ ಜಾಗದಲ್ಲಿ. ಕಾಲುವೆ ಸುಸ್ತಾದರೂ ಊರಿನವರ ಜಂಬ ಸುಸ್ತಾಗಿರಲಿಲ್ಲ. ಭತ್ತ ಬೆಳೆಯುವವರೇ ಬೆಳೆಗಾರರು. ನವಣೆ, ಸಜ್ಜೆ, ಶೇಂಗಾ ಬೆಳೆಯುವವರು ಏನೋ ಪಾಪ, ಜೀವ ಹಿಡಿದುಕೊಂಡಿದ್ದಾರೆ ಎಂಬುದು ಅಲ್ಲಿಯ ತಿಳಿವಳಿಕೆ.

"ಜಗಳೂರಿನೋರಿಗೆ ಅನ್ನ ಬಸಿಯಾಕೆ ಏನು ಗೊತ್ತೈತೆ? ಮಳೆ ಬಂದ ವರ್ಷ ಅನ್ನ ನೋಡ್ತಾರೆ, ಬರದಿದ್ದ ವರ್ಷ ಅನ್ನದ ಮಾತಾಡ್ತಾರೆ" ಎಂದು ಸಿದ್ದಲಿಂಗಮ್ಮ ಸೊಸೆ ಕಾಲಿಟ್ಟ ವಾರವೇ ತೀರ್ಪು ಕೊಟ್ಟಿದ್ದಳು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಒಮ್ಮೆ ಅತ್ತೆ ಹೊನ್ನಾಳಿಗೆ ನೆಂಟರ ಮದುವೆಗೆ ಹೋದಾಗ ಕಸ್ತೂರಮ್ಮ ಹೆದರಿ ಹೆದರಿ ಅನ್ನ ಮಾಡಿದ್ದಳು. ಸಂಜೆ ಬಂದ ಅತ್ತೆ ಪಾತ್ರೆಯ ಮುಚ್ಚಳ ತೆಗೆದು, ಒಂದಗುಳು ಹಿಚುಕಿ, ಬಹಳ ಮೃದುವಾಗಿ ಹೇಳಿದಳು: "ಚೆನ್ನಾಗೈತೆ. ಎಮ್ಮೆಗೆ ಹಾಕು."

ಇಂಥ ಮನೆಗೆ ಅಮೆರಿಕದ ಪಾತ್ರೆಯೊಂದು ಬಂದು ಕೂತಿತು ಎಂದರೆ ನೀವು ನಂಬಬೇಕು.

ಎಂಬತ್ತರ ದಶಕ ಆಗಿನ್ನೂ ಕಣ್ಣು ಬಿಡುತ್ತಿತ್ತು. ಕತ್ತಲಗೆರೆಯ ಹತ್ತಿರ ಬಾಡಿಗೆ ಮನೆ ಹಿಡಿದು, ಬಿತ್ತನೆ ಬೀಜದ ವಿಷಯ ಕಲಿಸಲೋ ಕಲಿಯಲೋ, ಬಿಳಿ ಹೆಂಗಸೊಬ್ಬಳು ಒಂದು ವರ್ಷ ಇದ್ದಳು. ಹೆಸರು ರೂತ್. ನಮ್ಮ ಜನ ಯಾವ ಹೆಸರನ್ನೂ ಒಂಟಿಯಾಗಿ ಬಿಡುವವರಲ್ಲ. ಹಿಂದೆ ಒಂದು ಅಮ್ಮನನ್ನು ಸೇರಿಸಿ ರೂತಮ್ಮ ಮಾಡಿದರು. ಕಸ್ತೂರಮ್ಮನ ಗಂಡ ಬಸವರಾಜಪ್ಪ ದಿನಾ ಸೈಕಲ್ಲಿನಲ್ಲಿ ಹೋಗಿ ಆಕೆಗೆ ಹಾಲು ಕೊಟ್ಟು ಬರುತ್ತಿದ್ದ. ಹಬ್ಬ ಹುಣ್ಣಿಮೆಗೆ ಹೋಳಿಗೆ ಒಯ್ಯುವ ನೆಪದಲ್ಲಿ ಕಸ್ತೂರಮ್ಮನೂ ಹೋಗಿಬರುತ್ತಿದ್ದಳು. ಅಲ್ಲೇ ಅವಳು ಆ ಪಾತ್ರೆಯನ್ನು ಕಂಡದ್ದು.

ಕಿತ್ತಳೆ ಬಣ್ಣದ ಗುಂಡು ಪಾತ್ರೆ. ಒಳಗೆ ಪಿಂಗಾಣಿಯ ಬೋಗುಣಿ, ಮೇಲೆ ಗಾಜಿನ ಮುಚ್ಚಳ, ಹಿಂದೆ ಬಾಲದ ಹಾಗೆ ವೈರು. ಬೆಂಕಿ ಇಲ್ಲ, ಹೊಗೆ ಇಲ್ಲ, ಊದುಕೊಳವೆ ಇಲ್ಲ. ಅವಸರವಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಹದಕ್ಕೆ ಬರುತ್ತಿತ್ತು. ರೂತಮ್ಮ ತನ್ನ ದೇಶದ ಡಬ್ಬಿಯಿಂದ ಅವಲಕ್ಕಿಯಂಥದ್ದೇನನ್ನೋ ತೆಗೆದು, ಬಾದಾಮಿ, ಜೇನುತುಪ್ಪ ಕಲಸಿ ಅದರೊಳಗೆ ಹಾಕುತ್ತಿದ್ದಳು. ಅದು ನಿಧಾನವಾಗಿ ಹುರಿದು ಗರಿಗರಿಯಾದ ಮೇಲೆ ಹಾಲಿಗೆ ಹಾಕಿಕೊಂಡು ತಿನ್ನುತ್ತಿದ್ದಳು. "ಗ್ರನೋಲಾ" ಎಂದು ಹೇಳಿ ಕಸ್ತೂರಮ್ಮನ ಕೈಗೂ ಒಂದು ಹಿಡಿ ಹಾಕಿದಳು. ಕಸ್ತೂರಮ್ಮ ಅಗಿದು ನೋಡಿ, ದಾರಿಯಲ್ಲಿ ಗಂಡನಿಗೆ ಹೇಳಿದಳು: "ರುಚಿಯೇನೋ ಐತೆ ಕಣ್ರಿ. ಆದ್ರೆ ತಂಬಿಟ್ಟಿಗೆ ಅಂತ ಎಲ್ಲಾ ಹುರಿದು, ಉಂಡೆ ಕಟ್ಟೋದು ಮರ್ತಂಗೈತೆ."

ವರ್ಷ ಮುಗಿದು ರೂತಮ್ಮ ಊರಿಗೆ ಹೊರಟಾಗ ಆ ಪಾತ್ರೆಯನ್ನು ಕಸ್ತೂರಮ್ಮನಿಗೆಂದು ಬಸವರಾಜಪ್ಪನ ಕೈಗೆ ಕೊಟ್ಟಳು. ಜೊತೆಗೆ ಕಲ್ಲಿನಷ್ಟು ಭಾರದ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ಕೊಟ್ಟು, ತನಗೆ ಬಂದಷ್ಟು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ನಮ್ಮ ದೇಶದ ಪಾತ್ರೆಗೆ ನಿಮ್ಮ ದೇಶದ ಕರೆಂಟು ಅರ್ಧ ಸಾಕು, ಇಡೀ ಕೊಟ್ಟರೆ ಸುಟ್ಟುಹೋಗುತ್ತದೆ, ಈ ಪೆಟ್ಟಿಗೆ ಕರೆಂಟನ್ನು ಅರ್ಧ ಮಾಡುತ್ತದೆ, ಇದಿಲ್ಲದೆ ಪಾತ್ರೆ ಹಚ್ಚಲೇಬೇಡಿ. ಬಸವರಾಜಪ್ಪ "ಯಸ್, ಯಸ್" ಎಂದ. ರೂತಮ್ಮ ಇಂಗ್ಲಿಷಿನಲ್ಲಿ ಮಾತಾಡಿದರೂ ಕನ್ನಡದಲ್ಲಿ ಮಾತಾಡಿದರೂ ಅವನ ಉತ್ತರ ಅದೊಂದೇ.

ಮನೆಗೆ ಬಂದವನು ಪಾತ್ರೆಯನ್ನು ಹೆಂಡತಿಗೆ ಕೊಟ್ಟ. ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅದು ನಾಟಿಯ ಕಾಲ. ಕೆಸರು ಗದ್ದೆ ಮಟ್ಟ ಮಾಡಲು ಎತ್ತುಗಳ ಹಿಂದೆ ಮರದ ಕೊರಡು ಎಳೆಸುತ್ತಾರೆ. ಕೊರಡಿನ ಮೇಲೆ ಭಾರಕ್ಕೆ ಏನಾದರೂ ಬೇಕು. ಪ್ರತಿ ವರ್ಷ ಕಲ್ಲು ಹುಡುಕುವ ಬಸವರಾಜಪ್ಪನಿಗೆ ಆ ವರ್ಷ ಹುಡುಕುವ ಕಷ್ಟ ತಪ್ಪಿತು. ಹಿಡಿಕೆ ಬೇರೆ ಇರುವ ಭಾರ! ಅಮೆರಿಕದವರು ಎಷ್ಟು ಯೋಚನೆ ಮಾಡಿ ಮಾಡಿದ್ದಾರೆ ಎಂದು ಮೆಚ್ಚಿಕೊಂಡು, ಹಗ್ಗದಲ್ಲಿ ಬಿಗಿದು ಗದ್ದೆ ತುಂಬ ಎಳೆಸಿದ. ಆ ವರ್ಷ ಅವನ ಗದ್ದೆಯಷ್ಟು ಮಟ್ಟಸವಾದ ಗದ್ದೆ ಹೊಸಗಟ್ಟೆಯಲ್ಲಿ ಇನ್ನೊಂದಿರಲಿಲ್ಲ.

ರೂತಮ್ಮನ ಮಾತು ಅವನ ತಲೆಗೆ ಇಳಿದದ್ದು ನಾಟಿ ಮುಗಿದ ಮೇಲೆ, ಕಸ್ತೂರಮ್ಮ ವೈರು ಹಿಡಿದು ಪ್ಲಗ್ಗಿನ ಹತ್ತಿರ ಹೋದಾಗ.

"ತಡಿಯೇ ತಡಿಯೇ! ಅದಕ್ಕೆ ಅರ್ಧ ಕರೆಂಟಂತೆ. ಅರ್ಧ ಮಾಡೋ ಪೆಟ್ಗೆ..." ಎಂದವನು ಅಲ್ಲಿಗೇ ನಿಲ್ಲಿಸಿ, ಕೊಟ್ಟಿಗೆ ಕಡೆ ನೋಡಿದ. ಕಸ್ತೂರಮ್ಮ ಹೋಗಿ ಪೆಟ್ಟಿಗೆ ಎತ್ತಿ ಅಲ್ಲಾಡಿಸಿದಳು. ಮೊದಲು ಕೆಸರು ಬಂತು, ಆಮೇಲೆ ಒಂದು ಏಡಿ ಬಂತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು ಪೆಟ್ಟಿಗೆ ಕೆಸರಾದರೆ ಏನು ಎಂಬುದನ್ನು ಹೇಳಿ ಹೋಗಿಲ್ಲ.

ಅವಳಿಗೆ ಅಳು ಬಂತು. ಗಂಡನನ್ನು ಬೈದಳು, ಗದ್ದೆಯನ್ನು ಬೈದಳು, ಏಡಿಯನ್ನೂ ಬೈದಳು. ಒಲೆಯೇ ಇಲ್ಲದವಳಿಗೆ ಕೈಗೆ ಬಂದದ್ದು ಅದೊಂದು ಒಲೆ, ಅದೂ ಹೋಯಿತೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಹಾಗೆ ಅಳುತ್ತ ಪಡಸಾಲೆಯ ಕಂಬಕ್ಕೆ ಒರಗಿದವಳ ಕಣ್ಣಿಗೆ ಮೇಲೆ ಉರಿಯುತ್ತಿದ್ದ ಬಲ್ಬು ಬಿತ್ತು.

ಉರಿಯುತ್ತಿತ್ತು ಎನ್ನುವುದು ಹೆಚ್ಚಾಯಿತು. ಹೊಸಗಟ್ಟೆ ಕರೆಂಟಿನ ಲೈನಿಗೂ ಕೊನೆಯ ಊರು. ಕಾಲುವೆಯನ್ನು ನಂಬದೆ ಊರವರೆಲ್ಲ ಬಾವಿಗೆ ಮೋಟಾರು ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದವೆಂದರೆ ಮನೆಯ ಬಲ್ಬು ಕೆಂಪಗಾಗಿ, ಒಳಗಿನ ತಂತಿ ಕುಂಕುಮದ ನೂಲಿನ ಹಾಗೆ ಕಾಣುತ್ತಿತ್ತು. ಅದರ ಕೆಳಗೆ ಅಕ್ಕಿ ಆರಿಸಲು ಸಿದ್ದಲಿಂಗಮ್ಮ ಚಿಮಣಿ ದೀಪ ಹಚ್ಚಿಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ಲೈನ್‌ಮನ್ ಗಾದ್ರಪ್ಪ ಮಜ್ಜಿಗೆ ಕುಡಿಯಲು ಜಗುಲಿಗೆ ಬಂದ. ಅವನು ನ್ಯಾಮತಿ ಕಡೆಯವನು, ಕಂಬ ಹತ್ತುವುದಕ್ಕಿಂತ ಜಗುಲಿ ಹತ್ತುವುದರಲ್ಲಿ ಪಳಗಿದವನು.

"ಗಾದ್ರಣ್ಣ, ಬಲ್ಬು ಹಿಂಗೆ ಕೆಂಪಗಿದ್ದಾಗ ನಮ್ಮನಿಗೆ ಎಷ್ಟು ಕರೆಂಟು ಬರ್ತೈತೆ?"

"ಮೋಟಾರು ಎಲ್ಲಾ ಎಳ್ಕಂಡು ಉಳಿದಿದ್ದು ಬರ್ತೈತೆ ಕಣವ್ವಾ. ಅರ್ಧ ಅಂತ ಇಟ್ಕೊ."

ಅರ್ಧ! ಕಸ್ತೂರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪೆಟ್ಟಿಗೆ ಯಾಕೆ ಬೇಕು? ಹೊಸಗಟ್ಟೆಯಲ್ಲಿ ಇಡೀ ಕರೆಂಟು ಕಂಡವರಾದರೂ ಯಾರು? ಲೋಕವೆಲ್ಲ ಯಾವುದನ್ನು ಶಾಪವೆನ್ನುತ್ತಿತ್ತೋ ಅದು ಆ ಕ್ಷಣ ಅವಳಿಗೊಬ್ಬಳಿಗೆ ವರವಾಗಿ ಕಂಡಿತು.

ಮಾರನೆಯ ದಿನ ಮಧ್ಯಾಹ್ನ ಬಲ್ಬು ಕೆಂಪಗಾಗುವುದನ್ನೇ ಕಾದು, ಪಡಸಾಲೆಯ ಗೂಡಿನಲ್ಲಿ ರೇಡಿಯೋ ಪಕ್ಕಕ್ಕೆ ಸರಿಸಿ ಪಾತ್ರೆ ಇಟ್ಟಳು. ಅಡುಗೆಮನೆಯ ಹೊಸ್ತಿಲನ್ನು ಮೆಟ್ಟದೆ ಮಾಡುವ ಕೆಲಸ, ಅತ್ತೆಯ ಗಡಿಯನ್ನು ಮುಟ್ಟುವಂತಿರಲಿಲ್ಲ. ಆದರೂ ಸಿದ್ದಲಿಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಏನೇ ಇದು?"

"ಹುರಿಯಾಕೆ ಇಟ್ಟೀನಿ ಅತ್ತೆ."

ಸಿದ್ದಲಿಂಗಮ್ಮ ಬಗ್ಗಿ ಪಾತ್ರೆಯ ಕೆಳಗೆ ನೋಡಿದಳು, ಹಿಂದೆ ನೋಡಿದಳು. "ಬೆಂಕಿ ಎಲ್ಲೈತೆ? ಬೆಂಕಿ ಇಲ್ದೆ ಅಡುಗೆ ಆಗ್ತೈತೇನು? ಆಟ ಆಡ್ಕೊ, ಆಡ್ಕೊ" ಎಂದು ನಗುತ್ತ ಒಳಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಕಸ್ತೂರಿಯ ಆಟ ಎಂದೇ ಹೆಸರಾಯಿತು. ಆಡಲು ಅಪ್ಪಣೆ ಸಿಕ್ಕಿದ ಸಂತೋಷ ಒಂದು ಕಡೆ, ಆಟ ಎಂದದ್ದರ ನೋವು ಒಂದು ಕಡೆ. ಎರಡನ್ನೂ ಅವಳು ಬೆಲ್ಲದ ಜೊತೆ ಕಲಸಿದಳು.

ರೂತಮ್ಮನ ಡಬ್ಬಿಯ ಧಾನ್ಯ ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಕಸ್ತೂರಮ್ಮ ತವರಿನಿಂದ ಬಂದ ನವಣೆ ತೆಗೆದಳು, ಗಟ್ಟಿ ಅವಲಕ್ಕಿ ತೆಗೆದಳು, ಶೇಂಗಾ ಒಡೆದು ಹಾಕಿದಳು, ಕೊಬ್ಬರಿ ತೆಳ್ಳಗೆ ಹೆರೆದಳು, ಒಂದು ಹಿಡಿ ಎಳ್ಳು ಚೆಲ್ಲಿದಳು. ಮೇಲೆ ತುಪ್ಪದಲ್ಲಿ ಕದಡಿದ ಬೆಲ್ಲದ ನೀರು. ಮುಚ್ಚಳ ಭದ್ರವಾಗಿ ಮುಚ್ಚಿ ಕೂತಳು. ಸಾಯಂಕಾಲ ತೆಗೆದು ನೋಡಿದರೆ ಒಳಗೆಲ್ಲ ಬೆವರು, ಎಲ್ಲ ಕೂಡಿ ಮೆತ್ತಗೆ ಮುದ್ದೆಯಾಗಿತ್ತು. ಬಸವರಾಜಪ್ಪ ತಿಂದು, "ಪಾಯಸ ಅನ್ನಾಕೆ ಗಟ್ಟಿ, ಉಂಡೆ ಅನ್ನಾಕೆ ತೆಳು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ.

ಮುಂದಿನ ಸಲ ಅವಳು ಮುಚ್ಚಳದ ಸಂದಿಗೆ ಹುಣಸೆಕಡ್ಡಿಯೊಂದನ್ನು ಕೊಟ್ಟು ಹಬೆಗೆ ದಾರಿ ಮಾಡಿದಳು. ಒಂದು ಕೊಡ ನೀರು ತಂದು ಒಮ್ಮೆ ಕೆದಕಿದಳು, ಎಮ್ಮೆಗೆ ಹುಲ್ಲು ಹಾಕಿ ಬಂದು ಒಮ್ಮೆ ಕೆದಕಿದಳು. ನಡುನಡುವೆ ಬಲ್ಬಿನ ಮೇಲೆ ಒಂದು ಕಣ್ಣು. ಯಾರಾದರೂ ಮೋಟಾರು ನಿಲ್ಲಿಸಿ ಬಲ್ಬು ಸ್ವಲ್ಪ ಬೆಳ್ಳಗಾಯಿತೋ, ತಟ್ಟನೆ ಸ್ವಿಚ್ಚು ಆರಿಸುವುದು. ಮತ್ತೆ ಕೆಂಪಗಾಯಿತೋ, ಹಾಕುವುದು. ಕೊನೆಗೆ ಮೊರದ ಮೇಲೆ ಹರವಿ ಆರಲು ಬಿಟ್ಟಳು. ಆರುತ್ತ ಆರುತ್ತ ಅದು ಗರಿಗರಿಯಾಯಿತು. ಬೆಲ್ಲ ಹಿಡಿದ ನವಣೆ ಹಲ್ಲಿಗೆ ಸಿಕ್ಕರೆ ಸಣ್ಣಗೆ ಸಿಡಿಯುತ್ತಿತ್ತು. ಊರವರು ಅದನ್ನು ರೂತಮ್ಮನ ಪುರಿ ಎಂದರು. ಬಸವರಾಜಪ್ಪ ಗದ್ದೆಗೆ ಹೋಗುವಾಗ ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಹೋಗತೊಡಗಿದ. ಬಾಲವಾಡಿಯ ಮಕ್ಕಳಿಗೆಲ್ಲ ಅವನ ಮಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು.

ಸಿದ್ದಲಿಂಗಮ್ಮ ಮಾತ್ರ ಅದನ್ನು ಬೆರಳಿನಿಂದಲೂ ಮುಟ್ಟಲಿಲ್ಲ. "ನಂಗೆ ಹಲ್ಲೆಲ್ಲೈತೆ?" ಎಂದುಬಿಟ್ಟಳು. ಮಾತು ನಿಜವೇ. ಅವಳ ಬಾಯಲ್ಲಿ ಉಳಿದಿದ್ದ ಹಲ್ಲುಗಳು ಒಂದಕ್ಕೊಂದು ಮಾತು ಬಿಟ್ಟಂತೆ ದೂರ ದೂರ ನಿಂತಿದ್ದವು. ಎಲೆ ಅಡಿಕೆಯನ್ನೂ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿಕೊಂಡೇ ತಿನ್ನುತ್ತಿದ್ದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದುಕೊಂಡು ಕಸ್ತೂರಮ್ಮ ಪುರಿಯ ಡಬ್ಬಿ ಮುಚ್ಚಿಟ್ಟಳು.

ಆದರೆ ಕೆಲವು ದಿನಗಳಲ್ಲಿ ಒಂದು ವಿಷಯ ಅವಳ ಕಿವಿಗೆ ಬಿತ್ತು. ಊಟವಾದ ಮೇಲೆ ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತು ಕುಟ್ಟಾಣಿ ಕುಟ್ಟುತ್ತಿದ್ದಳಲ್ಲ, ಆ ಸದ್ದು ಬದಲಾಗಿತ್ತು. ಅಡಿಕೆಯಾದರೆ ಟಣ್ ಟಣ್ ಎನ್ನಬೇಕು. ಇದು ಕರುಂ ಕರುಂ ಎನ್ನುತ್ತಿತ್ತು. ಪಾತ್ರೆ ತಿಕ್ಕುವಾಗ ಕುಟ್ಟಾಣಿಯ ತಳದಲ್ಲಿ ಸುಣ್ಣದ ಬದಲು ಎಳ್ಳು ಅಂಟಿರುತ್ತಿತ್ತು. ಪುರಿಯ ಡಬ್ಬಿ ಅವಳು ಇಟ್ಟ ಮಟ್ಟಕ್ಕಿಂತ ಸದಾ ಒಂದಿಷ್ಟು ಕೆಳಗಿರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಕಸ್ತೂರಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಅತ್ತೆ ಹಟಕ್ಕೆ ಬಿದ್ದು ತಿನ್ನುವುದನ್ನೇ ಬಿಟ್ಟಾಳು. ತಿನ್ನಲಿ, ಒಂದಲ್ಲ ಒಂದು ದಿನ ಬಾಯಿಬಿಟ್ಟು ಇದು ಅಡುಗೆ ಎಂದರೆ ಸಾಕು ಎಂಬುದು ಅವಳ ಆಸೆ. ಅದಕ್ಕಾಗಿ ಎಳ್ಳು ಒಂದು ಹಿಡಿ ಹೆಚ್ಚೇ ಹಾಕತೊಡಗಿದಳು.

ಹೀಗಿರುವಾಗ ಬಸವರಾಜಪ್ಪನ ಮೋಟಾರು ಮತ್ತೆ ಸುಟ್ಟಿತು. ಕರೆಂಟು ಸಾಲದೆ ಮೋಟಾರು ಸುಡುವುದು ಊರಿಗೆ ಹೊಸದಲ್ಲ. ಹೊನ್ನಾಳಿಯ ರಿಪೇರಿ ಅಂಗಡಿಯವನು ಹೊಸಗಟ್ಟೆಯವರನ್ನು ಕಂಡರೆ ಬೀಗರನ್ನು ಕಂಡಂತೆ ಎದ್ದು ನಿಲ್ಲುತ್ತಿದ್ದ. ಈ ಸಲ ಬಸವರಾಜಪ್ಪ ರೇಗಿದ. "ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬರೋವರೆಗೂ ಗಡ್ಡ ತೆಗೆಯಾಕಿಲ್ಲ" ಎಂದು ಕಟ್ಟೆಯ ಮೇಲೆ ಶಪಥ ಮಾಡಿದ. ದಿನಾ ಕರೆಂಟಿನ ಆಫೀಸಿಗೆ ಹೋಗಿ ಬಾಗಿಲಲ್ಲಿ ಕೂರತೊಡಗಿದ. ಅವನ ಗಡ್ಡ ನೋಡಿ ನೋಡಿ ಅಲ್ಲಿಯವರಿಗೇ ಕೆರೆತ ಹತ್ತಿತೋ ಏನೋ, ಸುಗ್ಗಿ ಮುಗಿಯುವಷ್ಟರಲ್ಲಿ ಲಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಬಂದೇ ಬಂತು.

ಊರೆಲ್ಲ ಕುಣಿಯಿತು. ಕಸ್ತೂರಮ್ಮ ಮಾತ್ರ ತಲೆಯೆತ್ತಿ ಕೆಂಪು ಬಲ್ಬನ್ನು ನೋಡಿದಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಅವಳ ಪಾಡಾಯಿತು. ಗಂಡ ಕರೆಂಟು ಹೆಚ್ಚಲಿ ಎಂದು ಬೇಡುವ ದೇವರಿಗೇ ಅವಳು ಹೆಚ್ಚದಿರಲಿ ಎಂದು ಕೈಮುಗಿಯುತ್ತಿದ್ದಳು. ಮುಗಿದ ಮೇಲೆ, ಊರ ಬೆಳೆ ಒಣಗಲಿ ಎಂದು ಬೇಡುತ್ತಿರುವ ನಾನೆಂಥ ಪಾಪಿ ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದಳು. ತಡೆಯಲಾರದೆ ಒಂದು ದಿನ ಗಾದ್ರಪ್ಪನನ್ನು ಕೇಳಿಯೇ ಬಿಟ್ಟಳು.

"ಹೊಸದು ಬಂದ ಮ್ಯಾಲೆ ಬಲ್ಬು ಹೆಂಗೆ ಉರಿತೈತೆ ಗಾದ್ರಣ್ಣ?"

"ಮಲ್ಲಿಗೆ ಹೂವಿನಂಗೆ ಕಣವ್ವಾ, ಬೆಳ್ಳಗೆ! ಎಷ್ಟು ಮೋಟಾರು ಹಾಕಿದ್ರೂ ಕೆಂಪಾಗೋ ಮಾತೇ ಇಲ್ಲ."

ಅವನು ಸಿಹಿ ಸುದ್ದಿ ಹೇಳಿದೆನೆಂದು ಇನ್ನೊಂದು ಲೋಟ ಮಜ್ಜಿಗೆ ಕೇಳಿದ. ಅವಳು ಕೊಟ್ಟ ಮಜ್ಜಿಗೆಯಲ್ಲಿ ಅಂದು ಉಪ್ಪಿರಲಿಲ್ಲ.

ಟ್ರಾನ್ಸ್‌ಫಾರ್ಮರನ್ನು ಚಾಲೂ ಮಾಡಲು ದೊಡ್ಡ ಇಂಜಿನಿಯರ್ ಸಾಹೇಬರೇ ಬರುವುದೆಂದಾಯಿತು. ಶಾಲೆಯ ಮುಂದೆ ಚಪ್ಪರ ಹಾಕಿಸಿ, ತೆಂಗಿನ ಗರಿ ಕಟ್ಟಿಸಿ ಬಂದ ಬಸವರಾಜಪ್ಪ ಹೆಂಡತಿಗೆ ಹೇಳಿದ: "ಉಪ್ಪಿಟ್ಟು, ಕೇಸರಿಬಾತು ಸಾಹೇಬ್ರು ಎಲ್ಲಾ ಊರಾಗೂ ತಿಂದಿರ್ತಾರೆ. ನಾವು ನಿನ್ನ ಪುರಿ ಕೊಡಾನ. ಒಂದು ಪಾತ್ರೆ ಮಾಡು."

ಕಸ್ತೂರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಮಾಡಿದ್ದು ಮೊದಲ ಸಲ ಊರ ಮುಂದೆ ತಟ್ಟೆಗೆ ಬೀಳುವ ದಿನವೇ ಅವಳ ಒಲೆ ಆರುವ ದಿನವೂ ಆಗಿತ್ತು. ಸರಿ, ಕೊನೆಯ ಸಲವಾದರೂ ಚೆನ್ನಾಗಿ ಆಗಲಿ ಎಂದು ಗಾದ್ರಪ್ಪನ ಹತ್ತಿರ ಮಾತು ತೆಗೆದುಕೊಂಡಳು. "ಸಾಹೇಬ್ರು ಗುಂಡಿ ಒತ್ತೋವರೆಗೂ ಹಳೇ ಕರೆಂಟೇ ತಾನೆ?" "ನಿನ್ನಾಣೆ ಕಣವ್ವಾ" ಎಂದ ಗಾದ್ರಪ್ಪ.

ಲೈನ್‌ಮನ್ನುಗಳಿಗೊಂದು ಪದ್ಧತಿ ಉಂಟು, ಅದು ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಯಾವುದೋ ಊರಿನಲ್ಲಿ ದೊಡ್ಡವರು ಗುಂಡಿ ಒತ್ತಿದರೂ ದೀಪ ಹತ್ತದೆ, ಜನ ಗೊಳ್ಳೆಂದು ನಕ್ಕಿದ್ದರಂತೆ. ಅಂದಿನಿಂದ ಅವರು ಯಾರಿಗೂ ಹೇಳದೆ ಮೊದಲೇ ಒಮ್ಮೆ ಹಾಕಿ ನೋಡಿಕೊಳ್ಳುತ್ತಾರೆ. ಊರಿಗೆ ಊರೇ ಚಪ್ಪರದ ಹತ್ತಿರ ಸಾಹೇಬರ ಜೀಪಿಗೆ ಕಾಯುತ್ತಿದ್ದಾಗ ಗಾದ್ರಪ್ಪ ಟ್ರಾನ್ಸ್‌ಫಾರ್ಮರಿಗೆ ನಿಂಬೆಹಣ್ಣು ಕಟ್ಟಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಹಳೆಯ ಲೈನು ಕಳಚಿ, ಹೊಸದನ್ನು ಮೆಲ್ಲನೆ ಎತ್ತಿ ಹಾಕಿದ.

ಆ ಹೊತ್ತಿಗೆ ಕಸ್ತೂರಮ್ಮ ಪಾತ್ರೆಯನ್ನು ಕೆಂಪು ಬಲ್ಬಿನ ಕೆಳಗೆ ಹಚ್ಚಿಟ್ಟು, ಸಾಹೇಬರಿಗೆ ಸ್ಟೀಲು ತಟ್ಟೆ ಕೇಳಿ ತರಲು ಮೇಲಿನ ಕೇರಿಗೆ ಹೋಗಿದ್ದಳು. ತಟ್ಟೆ ಹಿಡಿದು ಬರುವಾಗ ತಲೆ ಎತ್ತಿದರೆ ಬೀದಿಯ ಕಂಬದ ದೀಪ! ಅದನ್ನು ಆರಿಸುವ ಸ್ವಿಚ್ಚು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ ಕಾರಣ ಹಗಲು ರಾತ್ರಿ ಮಿಣಮಿಣ ಎನ್ನುತ್ತಿದ್ದ ದೀಪ. ಅದು ನೋಡನೋಡುತ್ತಿದ್ದಂತೆ ಒಮ್ಮೆ ಆರಿ, ಮರುಕ್ಷಣ ಹಗಲಿನಲ್ಲೂ ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗೆ ಉರಿಯಿತು.

"ಅಯ್ಯೋ ನನ್ನ ಪಾತ್ರೆ!" ಎಂದು ಕಸ್ತೂರಮ್ಮ ಓಡಿದಳು. ತಟ್ಟೆಗಳ ಸದ್ದಿಗೆ ನಾಯಿಗಳೂ ಹಿಂದೆ ಓಡಿಬಂದವು. ಆದರೆ ಮೇಲಿನ ಕೇರಿ ದೂರ. ಪಡಸಾಲೆಗೆ ಕಾಲಿಡುವಷ್ಟರಲ್ಲಿ ಒಳಗೆಲ್ಲ ಹೊಗೆ, ಬೆಲ್ಲ ಸೀದ ವಾಸನೆ. ಹೊಗೆಯ ನಡುವೆ ಸೆರಗು ಸೊಂಟಕ್ಕೆ ಬಿಗಿದು, ಕೈಯಲ್ಲಿ ಮುದ್ದೆ ತಿರುವುವ ಕೋಲು ಹಿಡಿದು ಸಿದ್ದಲಿಂಗಮ್ಮ ನಿಂತಿದ್ದಳು.

ಆಕೆ ಹುಟ್ಟಿದಾರಭ್ಯ ಸ್ವಿಚ್ಚು ಮುಟ್ಟಿದವಳಲ್ಲ. ಸ್ವಿಚ್ಚೂ ಒಂದೇ, ಚೇಳೂ ಒಂದೇ ಎನ್ನುವವಳು. ಬಲ್ಬು ಬೆಳ್ಳಗಾದದ್ದನ್ನು ಅಡುಗೆಮನೆಯಿಂದಲೇ ಕಂಡು ಓಡಿ ಬಂದಿದ್ದಳು. ಮುದ್ದೆಕೋಲಿನಿಂದ ಸ್ವಿಚ್ಚಿಗೆ ಹೊಡೆದಿದ್ದಳು. ಮೊದಲ ಏಟಿಗೆ ಅದು ಆರಲಿಲ್ಲ. ಆಮೇಲಿನ ಏಟುಗಳಿಗೆ ಬೋರ್ಡೇ ಗೋಡೆ ಬಿಟ್ಟು ಬಂದು ಜೋತಾಡುತ್ತಿತ್ತು. ಪಿಂಗಾಣಿ ಬೋಗುಣಿ ಎರಡು ಹೋಳಾಗಿ ಬಿದ್ದಿತ್ತು. ಕೈಗೆ ಸಿಕ್ಕಷ್ಟು ಪುರಿಯನ್ನು ಅವಳು ಮೊರಕ್ಕೆ ಬಾಚಿಕೊಂಡಿದ್ದಳು. ಅದರಲ್ಲಿ ಅರ್ಧ ಹೊಂಬಣ್ಣ, ಅರ್ಧ ಇದ್ದಲು.

ಕಸ್ತೂರಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಎದೆಗವಚಿಕೊಂಡ ತಟ್ಟೆಗಳ ಮೇಲೆ ಅವಳ ಕಣ್ಣೀರು ಟಪಟಪ ಬಿತ್ತು. ಹೋಯಿತು, ಇನ್ನು ಜನ್ಮವಿಡೀ ಕಾರ ಅರೆಯುವುದು, ಪಾತ್ರೆ ತಿಕ್ಕುವುದು ಅಷ್ಟೇ ಎಂದು ದುಃಖ ಉಕ್ಕಿಬಂತು. ಸಿದ್ದಲಿಂಗಮ್ಮ ಸೊಸೆಯನ್ನು ನೋಡಿದಳು, ಹೋಳಾದ ಬೋಗುಣಿಯನ್ನು ನೋಡಿದಳು. ಮೊರವನ್ನು ಸೊಂಟಕ್ಕಿಟ್ಟುಕೊಂಡು, ಮುದ್ದೆಕೋಲನ್ನೂ ಬಿಡದೆ, ಬೀದಿಗಿಳಿದು ಹೊರಟೇಬಿಟ್ಟಳು.

ಚಪ್ಪರದಲ್ಲಿ ಸಾಹೇಬರು ಆಗತಾನೆ ಬಂದು ಹಾರ ಹಾಕಿಸಿಕೊಂಡಿದ್ದರು. ಬಸವರಾಜಪ್ಪ ನುಣ್ಣಗೆ ಗಡ್ಡ ಬೋಳಿಸಿಕೊಂಡು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಜನರನ್ನು ಸರಿಸಿಕೊಂಡು ಅವನ ತಾಯಿ ನೇರ ಸಾಹೇಬರ ಮುಂದೆ ಬಂದು ನಿಂತಳು.

"ಕರೆಂಟಿನ ಸಾಹೇಬ್ರು ನೀವೇ ಏನ್ರಿ?"

"ಹೌದು ತಾಯಿ."

"ನಿಮ್ಮ ಹೊಸ ಕರೆಂಟು ಬಂತು. ನಮಗೆ ಬ್ಯಾಡ. ವಾಪಸ್ ತಗಂಡು ಹೋಗ್ರಿ."

ಸಾಹೇಬರು ಮೇಜಿನ ಮೇಲಿದ್ದ, ಹೂವು ಸುತ್ತಿದ ಗುಂಡಿಯನ್ನು ನೋಡಿಕೊಂಡರು. "ಬಂತಾ? ನಾನಿನ್ನೂ ಒತ್ತೇ ಇಲ್ಲವಲ್ಲ!" ಗಾದ್ರಪ್ಪ ಚಪ್ಪರದ ಗರಿ ಎಣಿಸುತ್ತ ನಿಂತ.

"ಅವ್ವಾ, ಸುಮ್ನಿರವ್ವಾ" ಎಂದು ಬಸವರಾಜಪ್ಪ ನಡುವೆ ಬಂದ.

"ನೀನು ಸುಮ್ನಿರೋ, ಪೆಟ್ಗೆ ಎಳೆಸಿದೋನೆ!" ಎಂದು ಅವನನ್ನು ಕೋಲಿನಿಂದಲೇ ಪಕ್ಕಕ್ಕೆ ಸರಿಸಿ, ಸಿದ್ದಲಿಂಗಮ್ಮ ಸಾಹೇಬರ ಕಡೆ ತಿರುಗಿದಳು.

"ಹಳೇ ಕರೆಂಟಿಗೆ ಏನಾಗಿತ್ರಿ? ಕೆಂಪಗೆ, ಹದವಾಗಿ, ಮನೆ ಮಗಳಂಗೆ ಇತ್ತು. ಉರಿ ಅಂದ್ರೆ ಹಂಗಿರಬೇಕು. ಹಿಂಗೆ ಧಗಧಗ ಅಂದ್ರೆ ಯಾವ ಅಡುಗೆ ಆಗ್ತೈತೆ? ನೋಡ್ರಿ ಇಲ್ಲಿ, ನನ್ನ ಸೊಸೆ ಮಾಡಿದ ಅಡುಗೆ ಹೆಂಗೆ ಹಾಳಾಗಿ ಹೋತು! ಬೆಳಗಿಂದ ಕೂತು ನಿಮಗೇ ಅಂತ ಮಾಡಿದ ಅಡುಗೆ!"

ಮೊರವನ್ನು ಸಾಹೇಬರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

ತಟ್ಟೆ ಹಿಡಿದು ಹಿಂದೆಯೇ ಓಡಿಬಂದಿದ್ದ ಕಸ್ತೂರಮ್ಮ ಚಪ್ಪರದ ಗಳಕ್ಕೆ ಒರಗಿ ನಿಂತುಬಿಟ್ಟಳು. ಆಟ ಎನ್ನಲಿಲ್ಲ. ಅಡುಗೆ ಎಂದಳು, ಒಂದು ಸಲವಲ್ಲ, ಮೇಲಿಂದ ಮೇಲೆ, ಊರಿಗೆ ಊರೇ ಕೇಳುವ ಹಾಗೆ. ಪಾತ್ರೆ ಒಡೆದ ದುಃಖ ಎಲ್ಲಿ ಹೋಯಿತೋ, ಅವಳಿಗೆ ಅಲ್ಲೇ ಕುಣಿಯುವಷ್ಟು ಸಂತೋಷವಾಯಿತು.

ಸಾಹೇಬರು ಒಳ್ಳೆಯವರು. ಕರೆಂಟು ಕಡಿಮೆ ಎಂಬ ದೂರನ್ನು ಕೇಳಿ ಕೇಳಿ ತಲೆ ನರೆತಿತ್ತು, ಹೆಚ್ಚಾಯಿತು ಎಂಬ ದೂರನ್ನು ಕೇಳಿದ್ದು ಅದೇ ಮೊದಲು. ಕರ್ರಗಾಗದ ಕಡೆಯಿಂದ ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡರು. ಅಗಿದರು. ಮತ್ತೆ ಒಂದು ಹಿಡಿ ತೆಗೆದುಕೊಂಡರು. "ಚೆನ್ನಾಗಿದೆಯಲ್ಲಾ ತಾಯಿ!"

"ಇದು ಕೆಟ್ಟಿದ್ದು. ಸರಿಯಾಗಿ ಆಗಿದ್ರೆ ಬೆರಳು ಚೀಪ್ತಿದ್ರಿ" ಎಂದಳು ಸಿದ್ದಲಿಂಗಮ್ಮ.

ಬಸವರಾಜಪ್ಪ ಬಾಯಿ ತೆರೆದ. "ಅವ್ವಾ, ನೀನು ಯಾವಾಗ ತಿಂದಿದ್ದೆ?"

"ವಾಸನೆ ಮ್ಯಾಲೆ ಗೊತ್ತಾಗಾಕಿಲ್ಲೇನೋ!" ಎಂದು ಮಗನನ್ನು ಗದರಿ, ಅವಳು ಬಂದ ದಾರಿಯಲ್ಲೇ ಮೊರ ಹಿಡಿದು ಹೊರಟಳು. ಅಂದು ಬಸವರಾಜಪ್ಪನ ಭಾಷಣವನ್ನು ಯಾರೂ ಕೇಳಲಿಲ್ಲ. ಹೊಸ ಕರೆಂಟೂ ವಾಪಸ್ಸು ಹೋಗಲಿಲ್ಲ. ಮೋಟಾರುಗಳು ಸುಖವಾಗಿ ತಿರುಗಿದವು. ಹೊನ್ನಾಳಿಯ ರಿಪೇರಿಯವನೊಬ್ಬನಿಗೆ ಬೇಸರವಾಯಿತು.

ಮರುದಿನ ಬೆಳಿಗ್ಗೆ ಕಸ್ತೂರಮ್ಮ ಎಮ್ಮೆ ಕರೆದು ಬಂದು ನೋಡಿದರೆ, ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಹಳೆಯ ತಗಡಿನ ಡಬ್ಬವೊಂದನ್ನು ಇಟ್ಟುಕೊಂಡು ಭತ್ತದ ಹೊಟ್ಟು ತುಂಬುತ್ತಿದ್ದಳು. ನಡುವೆ ಒನಕೆ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಒನಕೆಯನ್ನು ಮೆಲ್ಲನೆ ಹೊರಗೆಳೆದಳು. ಕೆಳಗಿನ ಕಿಂಡಿಯಲ್ಲಿ ಒಂದು ಕೆಂಡ ಇಟ್ಟಳು. ಉರಿ ಏಳಲಿಲ್ಲ, ಆರಲೂ ಇಲ್ಲ. ಒಳಗೆ ಸುತ್ತಲೂ ಕೆಂಪು ಹಿಡಿಯತೊಡಗಿತು. ಕೆಂಪು ಬಲ್ಬಿನದೇ ಬಣ್ಣ.

"ಸಂಜೆತಂಕ ಹಿಂಗೇ ಇರ್ತೈತೆ. ಜೋರಾಗಾಕಿಲ್ಲ" ಎಂದು ಸಿದ್ದಲಿಂಗಮ್ಮ ಎದ್ದು, ತನ್ನ ಮಣೆಯನ್ನು ಕಾಲಿನಿಂದ ಅದರ ಮುಂದಕ್ಕೆ ತಳ್ಳಿದಳು. "ಕೂತ್ಕೊ. ನವಣೆ ಹಾಕು. ಆದ್ರೆ ಅನ್ನ ಮಾತ್ರ ನಾನೇ ಬಸೀತೀನಿ, ಹೇಳೀನಿ."

ಕಸ್ತೂರಮ್ಮ ಮಣೆಯ ಮೇಲೆ ಕೂತಳು. ಕಣ್ಣಲ್ಲಿ ನೀರು ತುಂಬಿದ್ದನ್ನು ಹೊಗೆಯ ತಲೆಗೆ ಕಟ್ಟಿ, ಹಿತ್ತಾಳೆ ಬೋಗುಣಿಯೊಂದಕ್ಕೆ ನವಣೆ ಸುರಿದಳು, ಅವಲಕ್ಕಿ ಸುರಿದಳು. ಎಳ್ಳಿನ ಡಬ್ಬಿ ತೆಗೆದು ಹೊರಗೆ ಹೊರಟಿದ್ದ ಅತ್ತೆಯ ಕಡೆ ತಿರುಗಿದಳು.

"ಎಳ್ಳು ನಿಮಗೆ ಹೆಚ್ಚೇ ಹಾಕ್ಲೇನ್ರಿ ಅತ್ತೆ?"

ಸಿದ್ದಲಿಂಗಮ್ಮ ಬಾಗಿಲಲ್ಲೇ ನಿಂತಳು. "ನಂಗೆ ಎಳ್ಳು ಸೇರ್ತೈತೆ ಅಂತ ನಿಂಗೆ ಯಾರು ಹೇಳಿದ್ರೇ?"

"ಕುಟ್ಟಾಣಿ ತೊಳೆಯೋಳು ನಾನೇ ಅಲ್ಲೇನ್ರಿ" ಎಂದಳು ಕಸ್ತೂರಮ್ಮ.